ಮನೆಮಂದಿ ಕೂಡಿ ಇಸ್ಪೀಟು ಆಡೋದು: ಪದೇ ಪದೇ ಕೇಳುವ ಪ್ರಶ್ನೆಗಳು

ಬೇಸಿಗೆ ರಜೆ ಬಂತೆಂದರೆ ನನ್ನ ಫೋನಿಗೆ ಎರಡು ಥರದ ಕರೆ ಬರುತ್ತವೆ. ಒಂದು, ಉಪ್ಪಿನಕಾಯಿಗೆ ಹಾಕುವ ಮಾವಿನಕಾಯಿ ಎಲ್ಲಿ ಚಲೋ ಸಿಗ್ತಾವ ಅಂತ. ಇನ್ನೊಂದು, "ಆ ಹತ್ತು ಹಿಡಿಯೋ ಆಟದಾಗ ಹುಕುಂ ಯಾವಾಗ ಆಗ್ತದರಿ?" ಅಂತ. ಮೊದಲನೆಯದಕ್ಕೆ ನನ್ನ ಹತ್ತಿರ ಉತ್ತರವಿಲ್ಲ. ಎರಡನೆಯದಕ್ಕೆ ಇದೆ. ಕಲಬುರಗಿಯ ಮೇ ತಿಂಗಳಲ್ಲಿ ಹನ್ನೊಂದು ಗಂಟೆಯಿಂದ ಐದರ ತನಕ ಯಾರೂ ಹೊರಗೆ ಕಾಲಿಡುವ ಹಾಗಿಲ್ಲ. ಬೆಂಗಳೂರು, ಪುಣೆ, ಸೊಲ್ಲಾಪುರದಿಂದ ಬಂದ ಮಕ್ಕಳೆಲ್ಲ ಒಂದೇ ಪಡಸಾಲೆಯಲ್ಲಿ. ಅಂಥ ಬೇಸಿಗೆಗಳಲ್ಲಿ ಕಲಿತದ್ದನ್ನೇ ಇಲ್ಲಿ ಬರೆದಿದ್ದೇನೆ.

ಇಸ್ಪೀಟು ಅಂದರೆ ಜೂಜು. ಮಕ್ಕಳ ಮುಂದೆ ಆಡಬಹುದೇ?

ಎಲ್ಲರೂ ಮೊದಲು ಕೇಳುವುದು ಇದನ್ನೇ, ಕೇಳುವುದರಲ್ಲಿ ತಪ್ಪೂ ಇಲ್ಲ. ನಮ್ಮ ಕಡೆ ಪೇಪರಿನಲ್ಲಿ 'ಇಸ್ಪೀಟ್' ಅನ್ನುವ ಶಬ್ದ ಬಂದರೆ ಅದರ ಪಕ್ಕದಲ್ಲಿ 'ದಾಳಿ' ಅನ್ನುವ ಶಬ್ದ ಇದ್ದೇ ಇರುತ್ತದೆ. ಹೊಲದ ಬದುವಿನಲ್ಲಿ ಕೂತು ಅಂದರ್ ಬಾಹರ್ ಆಡಿ ತೊಗರಿ ಮಾರಿದ ರೊಕ್ಕ ಕಳೆದುಕೊಂಡವರ ಕಥೆ ಯಾವ ಊರಲ್ಲಿ ಇಲ್ಲ? ನಮ್ಮ ಆಯಿ ಎಲೆಯ ಕಟ್ಟನ್ನು ಹೊಸ್ತಿಲು ದಾಟಿಸಲು ಬಿಡುತ್ತಿರಲಿಲ್ಲ. "ಧರ್ಮರಾಯನಂಥವನೇ ಹೇಂತೀನ್ ಪಣಕ್ಕಿಟ್ಟ, ನೀವ್ಯಾವ ಗಿಡದ ತಪ್ಪಲ?" ಅನ್ನುತ್ತಿದ್ದಳು. ಆದರೆ ಪಂಚಮಿ ಬಂದರೆ ಅವಳೇ ಕವಡೆ ಹಿಡಿದು ಪಗಡೆಗೆ ಕೂಡುತ್ತಿದ್ದಳು. ಧರ್ಮರಾಯ ಸೋತದ್ದು ಅದೇ ಪಗಡೆಯಲ್ಲಿ ಎಂದು ಮುತ್ಯಾ ನೆನಪಿಸಿದ ಮೇಲೆಯೇ ಇಸ್ಪೀಟು ನಮ್ಮ ಮನೆಯೊಳಗೆ ಬಂದದ್ದು.

ದೋಷ ಇರುವುದು ರೊಕ್ಕದಲ್ಲಿ, ಎಲೆಯಲ್ಲಲ್ಲ. ಕಾನೂನೂ ಹೆಚ್ಚುಕಡಿಮೆ ಹಾಗೆಯೇ ನೋಡುತ್ತದೆ. 1963ರ ಕರ್ನಾಟಕ ಪೊಲೀಸ್ ಕಾಯ್ದೆ ಹಿಡಿಯುವುದು ಪಣವಿಟ್ಟು ಆಡುವ ಜೂಜನ್ನು. ಸಿಕಂದರಾಬಾದಿನ ಕ್ಲಬ್ಬೊಂದರ ಪ್ರಕರಣದಲ್ಲಿ 1967ರಲ್ಲಿ ಸುಪ್ರೀಂ ಕೋರ್ಟ್ ಮೂರೆಲೆಯಾಟವನ್ನು ಬರೀ ಅದೃಷ್ಟದ ಆಟವೆಂದೂ, ಬಿದ್ದ ಎಲೆಗಳನ್ನು ನೆನಪಿಡಬೇಕಾದ ರಮ್ಮಿಯನ್ನು ಮುಖ್ಯವಾಗಿ ಕೌಶಲದ ಆಟವೆಂದೂ ಹೇಳಿತು. ಪಡಸಾಲೆಯಲ್ಲಿ ರೊಕ್ಕವಿಲ್ಲದೆ ಆಡುವ ನಿಮಗೆ ಈ ಯಾವ ಗೊಡವೆಯೂ ಇಲ್ಲ. ಆದರೆ ಒಂದು ಮಾತು: 'ಬರೀ ಒಂದ್ರುಪಾಯಿ' ಅಂತಲೂ ಇಡಬೇಡಿ. ಒಂದು ರೂಪಾಯಿ ಸಂಜೆಗೆ ಹತ್ತಾಗುತ್ತದೆ, ಮೂರನೇ ದಿನಕ್ಕೆ ಅಳಿಯಂದಿರು ಮಾತು ಬಿಡುತ್ತಾರೆ.

ಹಾಗಾದರೆ ಬಾಜಿಗೆ ಏನು ಇಡೋದು? ಏನೂ ಇಲ್ಲದಿದ್ದರೆ ದೊಡ್ಡವರಿಗೆ ಹುರುಪು ಬರೋದಿಲ್ಲ.

ಹುಣಸೆ ಬೀಜ. ಇದಕ್ಕಿಂತ ಒಳ್ಳೆಯದು ನನಗೆ ಇನ್ನೂ ಸಿಕ್ಕಿಲ್ಲ. ಎಲ್ಲರ ಮನೆಯಲ್ಲೂ ಇರುತ್ತದೆ, ಎಣಿಸಲು ಸುಲಭ, ಉರುಳಿ ಹೋಗುವುದಿಲ್ಲ, ಯಾರೂ ತಿನ್ನುವುದಿಲ್ಲ. ಒಮ್ಮೆ ಶೇಂಗಾ ಇಟ್ಟು ನೋಡಿದೆವು. ಗೆದ್ದವರು ಅಲ್ಲೇ ಒಡೆದು ಬಾಯಿಗೆ ಹಾಕಿಕೊಂಡಿದ್ದರಿಂದ ಕೊನೆಗೆ ಯಾರು ಮುಂದಿದ್ದಾರೆ ಅನ್ನುವುದಕ್ಕೆ ಸಿಪ್ಪೆ ಎಣಿಸಬೇಕಾಯಿತು.

ಸೋತವರು ಚಹಾ ಮಾಡಬೇಕು ಅನ್ನುವ ನಿಯಮವೂ ಚಲೋ. ಆದರೆ ಅದನ್ನು ನಿಜವಾಗಿ ಪಾಲಿಸಬೇಕು. ಎಷ್ಟೋ ಮನೆಗಳಲ್ಲಿ ಕಾಕಾ ಸೋತರೂ ಅಡುಗೆಮನೆಗೆ ಹೋಗುವುದು ಕಾಕುನೇ. ನಮ್ಮಲ್ಲಿ ಹಾಗಾದಾಗ ಕಾಕು ಎಲೆಯನ್ನು ಫರಸಿಯ ಮೇಲೆ ಬೋರಲು ಇಟ್ಟು, "ಚಹಾ ಬರೋತನಕ ಆಟ ಬಂದ್" ಅಂದುಬಿಟ್ಟಳು. ಕಾಕಾ ಎದ್ದು ಹೋಗಿ ಸಕ್ಕರೆ ಡಬ್ಬಿ ಎಲ್ಲದ ಅಂತ ಮೂರು ಸಲ ಕೂಗಿದ. ಚಹಾ ಏನೂ ಕೆಟ್ಟಿರಲಿಲ್ಲ.

ಯಾವ ಎಲೆ ಕೊಳ್ಳಬೇಕು?

ಪ್ಲಾಸ್ಟಿಕ್ಕಿನವು. ಕಾಗದದ ಎಲೆ ನಮ್ಮ ಹವೆಗೆ ಆಗಿಬರುವುದಿಲ್ಲ. ಬೆವರಿನ ಕೈ, ಮಿರ್ಚಿ ಭಜಿಯ ಎಣ್ಣೆ, ಕೂಲರಿನ ತೇವ, ಈ ಮೂರೂ ಸೇರಿದರೆ ವಾರದೊಳಗೆ ಎಲೆ ಒಂದಕ್ಕೊಂದು ಅಂಟುತ್ತವೆ. ಅದಕ್ಕಿಂತ ದೊಡ್ಡ ತೊಂದರೆ, ಎಣ್ಣೆ ಹತ್ತಿದ ಎಲೆ ಹಿಂಬದಿಯಿಂದಲೇ ಗುರುತು ಸಿಗುತ್ತದೆ. ನಮ್ಮ ಮಾವನೊಬ್ಬ ಒಂದು ಇಡೀ ಬೇಸಿಗೆ ಯಾಕೆ ಗೆಲ್ಲುತ್ತಿದ್ದ ಅನ್ನುವುದು ನಮಗೆ ತಿಳಿದದ್ದು ಮುಂದಿನ ಬೇಸಿಗೆಗೆ.

ಕೂಲರಿನ ಎದುರು ಕೂಡಬೇಡಿ. ಹಾಕಿದ ಎಲೆಗಳೆಲ್ಲ ಹಾರಿ ಮಂಚದ ಕೆಳಗೆ ಹೋಗುತ್ತವೆ. ಕೂಲರ್ ಬೆನ್ನಿಗಿರಲಿ. ಶಹಾಬಾದ ಕಲ್ಲಿನ ಫರಸಿ ಇರುವ ಹಳೇ ಮನೆಯಾದರೆ ಚಾಪೆಯನ್ನೂ ಹಾಸಬೇಡಿ. ನೆಲ ತಂಪು, ಎಲೆಯೂ ನುಣ್ಣಗೆ ಜಾರುತ್ತದೆ.

ಒಬ್ಬರು 'ಆಟೀನು' ಅಂತಾರೆ, ಒಬ್ಬರು 'ಬದಾಮ್', ಮತ್ತೊಬ್ಬರು 'ಪಾನ್'. ಯಾವುದು ಸರಿ?

ಮೂರೂ ಒಂದೇ. ಕೆಂಪು ಹೃದಯದ ಗುರುತು. ಮೂರು ಭಾಷೆ ಕೂಡುವ ಈ ಜಾಗದಲ್ಲಿ ಬೇರೆ ಥರ ಆಗುವುದು ಹೇಗೆ? ಕನ್ನಡದ ಮನೆಗಳಲ್ಲಿ ಇಸ್ಪೀಟು, ಆಟೀನು, ಡೈಮನ್, ಕಳಾವರ್. ಉರ್ದು ಮಾತಾಡುವ ಗೆಳೆಯರ ಮನೆಯಲ್ಲಿ ಹುಕುಂ, ಪಾನ್, ಈಂಟ್, ಚಿಡಿ. ಬೀದರಿನಿಂದ ಮೇಲೆ, ಮರಾಠಿ ಬೆರೆತ ಕಡೆ ಇಸ್ಪಿಕ್, ಬದಾಮ್, ಚೌಕಟ್, ಕಿಲ್ವರ್. ಎಕ್ಕ, ರಾಜ, ರಾಣಿ, ಗುಲಾಮ ಎಲ್ಲರಿಗೂ ತಿಳಿಯುತ್ತದೆ. ರಾಜನನ್ನು ಬಾದಶಾ, ರಾಣಿಯನ್ನು ಬೇಗಂ ಅಂದರೂ ನಡೆಯುತ್ತದೆ.

ನಿಜವಾದ ಗೊಂದಲ 'ಹುಕುಂ'ನದು. ಕೆಲವರಿಗೆ ಅದು ಕರಿ ಇಸ್ಪೀಟಿನ ಹೆಸರು. ಕೆಲವರಿಗೆ ಆ ಆಟಕ್ಕೆ ಈ ನಾಲ್ಕು ಗುರುತಿನಲ್ಲಿ ಯಾವ ಜಾತಿ ಮೇಲೋ ಅದು, ಅಂದರೆ ತುರುಫು. ಭಾಲ್ಕಿಯಿಂದ ಬಂದ ನಮ್ಮ ವೈನಿ ಮೊದಲ ದಿನ "ಹುಕುಂ ಏನು?" ಅಂದಳು. "ಡೈಮನ್" ಅಂದೆವು. "ಡೈಮನ್ ಹೆಂಗ ಹುಕುಂ ಆಗ್ತದ, ಅದು ಕೆಂಪದಲ್ಲ!" ಅಂದಳು. ಅರ್ಧ ತಾಸು ಅದರಲ್ಲೇ ಹೋಯಿತು. ಕೂಡುವ ಮುಂಚೆ ಒಂದು ಸಲ ಹೆಸರು ಹೇಳಿಕೊಂಡುಬಿಡಿ. ಈ ಬರಹದಲ್ಲಿ ಕನ್ನಡದ ಹೆಸರುಗಳನ್ನೇ ಹಿಡಿದಿದ್ದೇನೆ. ಹುಕುಂ ಅಂದರೆ ತುರುಫು.

ಆರು ವರ್ಷದ ಮೊಮ್ಮಗಳಿಂದ ಎಪ್ಪತ್ತೆಂಟರ ಮುತ್ಯಾನ ತನಕ ಎಲ್ಲರೂ ಇದ್ದೇವೆ. ಯಾವ ಆಟದಿಂದ ಶುರು ಮಾಡೋದು?

ಏಳರ ಆಟದಿಂದ. 'ಬದಾಮ್ ಸಾತ್' ಅಂತ ಹೆಚ್ಚು ಜನರಿಗೆ ಗೊತ್ತು. ಒಂದರಿಂದ ಹದಿಮೂರರ ತನಕ ಎಣಿಸಲು ಬಂದರೆ ಸಾಕು.

52 ಎಲೆಗಳನ್ನೂ ಹಂಚಿ. ಕೆಲವರಿಗೆ ಒಂದು ಎಲೆ ಹೆಚ್ಚು ಬರಬಹುದು, ಬರಲಿ. ಆಟೀನ್ ಏಳು ಯಾರ ಹತ್ತಿರ ಇದೆಯೋ ಅವರು ಅದನ್ನು ನಡುವೆ ಇಡುತ್ತಾರೆ. ಮುಂದಿನವರು ಆಟೀನ್ ಆರನ್ನು ಅದರ ಒಂದು ಬದಿಗೆ, ಎಂಟನ್ನು ಇನ್ನೊಂದು ಬದಿಗೆ ಹಚ್ಚಬಹುದು. ಇಲ್ಲವೇ ಬೇರೆ ಜಾತಿಯ ಏಳನ್ನು ಇಟ್ಟು ಹೊಸ ಸಾಲು ತೆರೆಯಬಹುದು. ಹೀಗೆ ಆರು, ಐದು, ನಾಲ್ಕು ಅಂತ ಎಕ್ಕದ ತನಕ ಒಂದು ಕಡೆ; ಎಂಟು, ಒಂಬತ್ತು ಅಂತ ರಾಜನ ತನಕ ಇನ್ನೊಂದು ಕಡೆ. ಹಚ್ಚಲು ಎಲೆ ಇದ್ದರೆ ಹಚ್ಚಲೇಬೇಕು, ಇಲ್ಲದಿದ್ದರೆ 'ಪಾಸ್'. ಯಾರ ಕೈ ಮೊದಲು ಖಾಲಿಯೋ ಅವರದು ಗೆಲುವು. ಉಳಿದವರ ಕೈಯಲ್ಲಿರುವ ಎಲೆಗಳನ್ನು ಎಣಿಸಿ ಬರೆದಿಟ್ಟುಕೊಳ್ಳಿ: ಎಕ್ಕಕ್ಕೆ 1, ಗುಲಾಮನಿಗೆ 11, ರಾಣಿಗೆ 12, ರಾಜನಿಗೆ 13. ಐದು ಆಟ ಆದಮೇಲೆ ಕಡಿಮೆ ಇದ್ದವರೇ ಜಾಣರು.

ಮಗುವಿಗೆ ಇದು ಸಾಲು ಹಚ್ಚುವ ಆಟ. ಮುತ್ಯಾನಿಗೆ ಬೇರೆಯೇ ಆಟ. ಬೇರೆ ಏನಾದರೂ ಹಚ್ಚಲು ಇರುವ ತನಕ ಅವನು ಕಳಾವರ್ ಎಂಟನ್ನು ಹೊರಗೆ ತೆಗೆಯುವುದಿಲ್ಲ. ಆ ಒಂದು ಎಲೆಯ ಹಿಂದೆ ಮನೆಮಂದಿಯ ಒಂಬತ್ತು, ಹತ್ತು, ಗುಲಾಮ, ರಾಣಿ ಎಲ್ಲ ಸಿಕ್ಕಿಹಾಕಿಕೊಂಡು ಕೂತಿರುತ್ತವೆ. ಅವನು ಮಾತ್ರ ಏನೂ ಅರಿಯದವನ ಹಾಗೆ ಎಲೆ ಅಡಿಕೆ ಮಡಚುತ್ತಿರುತ್ತಾನೆ. ಆರು ವರ್ಷದವಳು ಎರಡನೇ ವಾರಕ್ಕೆ ಈ ಕಳ್ಳತನ ಕಲಿತಳು.

ಮಕ್ಕಳ ಕೈಯಲ್ಲಿ ಹದಿಮೂರು ಎಲೆ ನಿಲ್ಲೋದಿಲ್ಲ, ಎಲ್ಲರಿಗೂ ಕಾಣಿಸುತ್ತೆ.

ಬಟ್ಟೆ ಒಣಹಾಕುವ ಕ್ಲಿಪ್ ಕೊಡಿ. ಕೆಳಗೆ ಸಿಗಿಸಿ ಬೀಸಣಿಗೆಯ ಹಾಗೆ ಬಿಡಿಸಿ ಹಿಡಿಯುತ್ತಾರೆ. ಇಲ್ಲವೇ ಎರಡು ದಪ್ಪ ಪುಸ್ತಕ ನಿಲ್ಲಿಸಿ ನಡುವಿನ ಸಂದಿಯಲ್ಲಿ ಸಾಲಾಗಿ ಇಡಲಿ.

ಹಿರಿಯರ ಕಣ್ಣಿನ ಮಾತೂ ಇಲ್ಲೇ ಹೇಳಿಬಿಡುತ್ತೇನೆ. ದೊಡ್ಡ ಅಂಕಿ ಅಚ್ಚು ಹಾಕಿದ ಎಲೆಗಳು ಸಿಗುತ್ತವೆ, ಕೇಳಿ ತನ್ನಿ. ಇಂಗ್ಲಿಷ್ ಅಕ್ಷರ ಬಾರದ ಆಯಿಗೆ ಎಲೆ ಗುರುತು ಹಿಡಿಯುವುದು ಹೇಗೆ ಅಂತ ಚಿಂತೆ ಬೇಡ. ನಮ್ಮ ಆಯಿ ಗುರುತುಗಳನ್ನು ಎಣಿಸುತ್ತಿರಲೂ ಇಲ್ಲ, ಹತ್ತನ್ನು ನೋಡಿದರೆ "ತುಂಬಿದ ಮನಿ" ಅನ್ನುತ್ತಿದ್ದಳು. ಚಿತ್ರದ ಎಲೆಗಳನ್ನು ಮುಖ ನೋಡಿಯೇ ಹೇಳುತ್ತಿದ್ದಳು. ನಾಲ್ಕು ರಾಜರಲ್ಲಿ ಆಟೀನ್ ರಾಜನಿಗೆ ಮಾತ್ರ ಮೀಸೆ ಇಲ್ಲ ಅಂತ ನಮಗೆಲ್ಲ ತೋರಿಸಿದ್ದು ಶಾಲೆಯ ಮೆಟ್ಟಿಲು ಹತ್ತದ ಅವಳೇ. ನಿಮ್ಮ ಕಟ್ಟು ತೆಗೆದು ನೋಡಿ.

'ಕತ್ತೆ' ಆಟ ಒಬ್ಬೊಬ್ಬರು ಒಂದೊಂದು ಥರ ಆಡ್ತಾರೆ. ಯಾವುದು ಖರೇದು?

ಒಂದೇ ಹೆಸರಿನ ಎರಡು ಆಟ ಅವು.

ಸಣ್ಣವರದು ಹೀಗೆ. ಎಷ್ಟು ಜನವೋ ಅಷ್ಟು ಬಗೆಯ ಎಲೆ ಆರಿಸಿ. ಐದು ಜನ ಇದ್ದರೆ ನಾಲ್ಕು ಎಕ್ಕ, ನಾಲ್ಕು ರಾಜ, ಹೀಗೆ ಐದು ಬಗೆ, 20 ಎಲೆ. ತಲೆಗೆ ನಾಲ್ಕು. ಎಲ್ಲರೂ ಒಟ್ಟಿಗೇ ಒಂದೊಂದು ಬೇಡದ ಎಲೆಯನ್ನು ಪಕ್ಕದವರಿಗೆ ಜಾರಿಸಬೇಕು. ಒಂದೇ ಬಗೆಯ ನಾಲ್ಕೂ ಕೂಡಿದವರು ಸದ್ದಿಲ್ಲದೆ ನಡುವೆ ಕೈ ಇಡುತ್ತಾರೆ. ನೋಡಿದವರು ಒಬ್ಬರ ಕೈ ಮೇಲೆ ಒಬ್ಬರು ಇಡುತ್ತಾ ಹೋಗಬೇಕು. ಎಲ್ಲರಿಗಿಂತ ಮೇಲೆ ಯಾರ ಕೈಯೋ ಅವರೇ ಕತ್ತೆ. ಬಳೆ, ಉಂಗುರ ತೆಗೆದಿಟ್ಟು ಆಡಿ.

ದೊಡ್ಡವರದು 'ಗಧಾ'. 52 ಎಲೆ ಪೂರ್ತಿ ಹಂಚುತ್ತಾರೆ. ಇಸ್ಪೀಟ್ ಎಕ್ಕ ಇದ್ದವರು ಶುರು ಮಾಡುತ್ತಾರೆ. ಎಲ್ಲರೂ ಅದೇ ಜಾತಿಯ ಎಲೆ ಹಾಕಬೇಕು. ಹಾಕಿದರೆ ಆ ಎಲೆಗಳು ಆಟದಿಂದ ಹೊರಗೆ, ದೊಡ್ಡ ಎಲೆ ಹಾಕಿದವರು ಮುಂದಿನದನ್ನು ಶುರು ಮಾಡುತ್ತಾರೆ. ಯಾರಾದರೊಬ್ಬರ ಹತ್ತಿರ ಆ ಜಾತಿ ಇಲ್ಲದಿದ್ದರೆ ಅವರು ಬೇರೆ ಎಲೆ ಹಾಕಿ 'ಕಟ್' ಮಾಡುತ್ತಾರೆ. ಅಲ್ಲಿಗೆ ಆ ಸುತ್ತು ನಿಂತಿತು. ಆ ತನಕ ಆ ಜಾತಿಯ ದೊಡ್ಡ ಎಲೆ ಹಾಕಿದವರು ಬಿದ್ದದ್ದನ್ನೆಲ್ಲ ಎತ್ತಿಕೊಳ್ಳಬೇಕು. ಮೊದಲ ಸುತ್ತಿಗೆ ಮಾತ್ರ ಈ ಶಿಕ್ಷೆ ಇಲ್ಲ. ಕೈ ಖಾಲಿಯಾದವರು ಪಾರಾದರು, ಕೊನೆಗೆ ಎಲೆ ಉಳಿದವರು ಕತ್ತೆ. ದೊಡ್ಡ ಎಲೆಗಳನ್ನು ಶುರುವಿನಲ್ಲೇ, ಎಲ್ಲರ ಹತ್ತಿರ ಎಲ್ಲ ಜಾತಿ ಇರುವಾಗ ಕಳೆದುಕೊಳ್ಳುವುದು ಜಾಣತನ. ರಾಜ ಬಂದನೆಂದು ಕುಣಿಯುವ ಮಕ್ಕಳು ಈ ಆಟದಲ್ಲಿ ರಾಜನೇ ಭಾರ ಅಂತ ತಿಳಿಯಲು ಮೂರು ಆಟ ಬೇಕು.

ನಾಲ್ಕೇ ಜನ, ಊಟ ಆಗಿದೆ, ಮಧ್ಯಾಹ್ನ ಇಡೀ ಖಾಲಿ. ಏನಾಡೋಣ?

ಹತ್ತು ಹಿಡಿಯೋ ಆಟ. ಹಿಂದಿಯವರು ದೆಹ್ಲಾ ಪಕಡ್ ಅಂತಾರೆ, ಮರಾಠಿಯವರು ಮೆಂಡಿಕೋಟ್. ಎಲೆಯಾಟಗಳಲ್ಲಿ ನನಗೆ ಇದರಷ್ಟು ಸೇರುವುದು ಇನ್ನೊಂದಿಲ್ಲ. ಹಾಗಾಗಿ ಸ್ವಲ್ಪ ಉದ್ದ ಹೇಳುತ್ತೇನೆ, ಸಹಿಸಿಕೊಳ್ಳಿ.

ಎದುರುಬದುರು ಕೂತವರು ಜೋಡಿ. ಜೋಡಿ ಚೀಟಿ ಎತ್ತಿ ಆರಿಸಿ, ಗಂಡಹೆಂಡಿರನ್ನು ಆದಷ್ಟು ಬೇರೆ ಬೇರೆ ಇಡಿ. ಅನುಭವದಿಂದ ಹೇಳುತ್ತಿದ್ದೇನೆ. ತಲೆಗೆ 13 ಎಲೆ. ಎಕ್ಕ ಎಲ್ಲಕ್ಕಿಂತ ದೊಡ್ಡದು, ಆಮೇಲೆ ರಾಜ, ರಾಣಿ, ಗುಲಾಮ, ಹತ್ತು, ಹೀಗೆ ಎರಡರ ತನಕ. ಒಬ್ಬರು ಎಲೆ ಇಟ್ಟರೆ ಉಳಿದ ಮೂವರೂ ಅದೇ ಜಾತಿಯದನ್ನು ಹಾಕಬೇಕು. ದೊಡ್ಡ ಎಲೆಯವರು ಆ ನಾಲ್ಕನ್ನೂ ಎತ್ತಿಕೊಳ್ಳುತ್ತಾರೆ. ಅದಕ್ಕೆ ಒಂದು 'ಕೈ' ಅನ್ನುತ್ತೇವೆ. ಒಟ್ಟು 13 ಕೈ.

ಶುರುವಿನಲ್ಲಿ ಹುಕುಂ ಇರುವುದಿಲ್ಲ. ಯಾರ ಹತ್ತಿರ ಇಟ್ಟ ಜಾತಿ ಮೊದಲ ಸಲ ಇಲ್ಲವಾಗುತ್ತದೆಯೋ, ಅವರು ಹಾಕಿದ ಬೇರೆ ಜಾತಿಯೇ ಆ ಆಟದ ಹುಕುಂ. ಅಲ್ಲಿಂದ ಮುಂದೆ ಹುಕುಮಿನ ಎರಡು ಕೂಡ ಬೇರೆ ಜಾತಿಯ ಎಕ್ಕವನ್ನು ಹೊಡೆಯುತ್ತದೆ. ಇನ್ನೊಂದು ಪದ್ಧತಿಯಲ್ಲಿ ಒಬ್ಬರು ಮೊದಲೇ ಒಂದು ಎಲೆಯನ್ನು ಮುಚ್ಚಿಡುತ್ತಾರೆ, ಬೇಕಾದಾಗ ತೆರೆಯುತ್ತಾರೆ; ಅದು 'ಬಂದ್ ಹುಕುಂ'. ಹೊಸಬರಿಗೆ ಮೊದಲನೆಯದೇ ಚಲೋ.

ಗೆಲ್ಲುವುದು ಕೈ ಎಣಿಸಿ ಅಲ್ಲ, ಹತ್ತು ಎಣಿಸಿ. ಕಟ್ಟಿನಲ್ಲಿ ನಾಲ್ಕು ಹತ್ತು ಇವೆ. ಮೂರು ಸಿಕ್ಕ ಜೋಡಿ ಗೆದ್ದಿತು. ಎರಡೆರಡು ಆದರೆ ಏಳು ಕೈ ಮಾಡಿದವರದು ಗೆಲುವು. ನಾಲ್ಕೂ ಹತ್ತು ಒಂದೇ ಕಡೆ ಹೋದರೆ 'ಕೋಟ್'. ನಮ್ಮ ಮನೆಯಲ್ಲಿ ಕೋಟ್ ಆದ ಜೋಡಿಯ ಹೆಸರನ್ನು ಕ್ಯಾಲೆಂಡರಿನ ಆ ದಿನದ ಚೌಕದಲ್ಲಿ ಬರೆಯುತ್ತೇವೆ. ವರ್ಷದ ಕೊನೆಗೆ ಕ್ಯಾಲೆಂಡರ್ ಬದಲಿಸುವಾಗ ಅದನ್ನು ನೋಡಲು ಯಾರಿಗೂ ಮನಸ್ಸಿರುವುದಿಲ್ಲ.

ರುಚಿ ಇರುವುದು ಜೋಡಿಯ ಮೌನದಲ್ಲಿ. ಬಾಯಿ ಬಿಡುವಂತಿಲ್ಲ, ಕಣ್ಣು ಮಿಟುಕಿಸುವಂತಿಲ್ಲ. ನಿಮ್ಮ ಜೋಡಿ ಎಕ್ಕ ಇಟ್ಟರೆ ಹತ್ತನ್ನು ಅದರ ಮೇಲೆ ಹಾಕಿ ಮನೆಗೆ ಕಳಿಸಿಬಿಡಿ, ಮುಂದೆ ಆ ಅವಕಾಶ ಬರುವುದಿಲ್ಲ. ಒಂದು ಜಾತಿಯಲ್ಲಿ ಹತ್ತು ಒಂಟಿಯಾಗಿ ಬಂತೋ, ಎದುರಾಳಿ ಆ ಜಾತಿಯ ರಾಜನನ್ನು ಇಟ್ಟ ಕ್ಷಣ ಅದು ಹೋಯಿತೆಂದೇ ತಿಳಿಯಿರಿ, ಮುಖದಲ್ಲಿ ಮಾತ್ರ ತೋರಿಸಬೇಡಿ. ಬಿದ್ದ ಎಕ್ಕಗಳನ್ನೂ ಹತ್ತುಗಳನ್ನೂ ನೆನಪಿಟ್ಟರೆ ಅರ್ಧ ಆಟ ಕಲಿತಂತೆ. ಏಳನೇ ಕ್ಲಾಸಿನ ಹುಡುಗರು ಇದನ್ನು ಆರಾಮಾಗಿ ಆಡುತ್ತಾರೆ. ಪಾಠ ನೆನಪುಳಿಯೋದಿಲ್ಲ ಅನ್ನುವ ಅದೇ ಹುಡುಗ, ಮೂರನೇ ಕೈಯಲ್ಲಿ ಕಾಕಾ ಕಳಾವರ್ ರಾಣಿ ಹಾಕಿದ್ದನ್ನು ಹನ್ನೊಂದನೇ ಕೈಯಲ್ಲಿ ನೆನಪಿಸುತ್ತಾನೆ.

ಮೂವರೇ ಇದ್ದರೆ?

ಮೂರು-ಎರಡು-ಐದು. ಎಲ್ಲ ಜಾತಿಯಲ್ಲೂ ಎಂಟರಿಂದ ಎಕ್ಕದ ತನಕ ಇಟ್ಟುಕೊಳ್ಳಿ, 28 ಆಗುತ್ತವೆ. ಇಸ್ಪೀಟ್ ಏಳು, ಆಟೀನ್ ಏಳು ಸೇರಿಸಿ, 30. ತಲೆಗೆ ಹತ್ತು. ಹಂಚುವವನ ಬಲಗಡೆಯವನು ಐದು ಕೈ ಮಾಡಬೇಕು, ಅದರ ಆಚೆಯವನು ಮೂರು, ಹಂಚಿದವನು ಎರಡು. ಐದರವನಿಗೆ ಕಷ್ಟ ಹೆಚ್ಚು, ಅದಕ್ಕೆ ಮೊದಲ ಐದು ಎಲೆ ನೋಡಿ ಹುಕುಂ ಹೇಳುವ ಹಕ್ಕೂ ಅವನದೇ. ಹೇಳಿದಷ್ಟಕ್ಕಿಂತ ಕಡಿಮೆ ಮಾಡಿದವನಿಂದ, ಹೆಚ್ಚು ಮಾಡಿದವನು ಮುಂದಿನ ಆಟದಲ್ಲಿ ಅಷ್ಟು ಎಲೆ ನೋಡದೆ ಎಳೆದುಕೊಂಡು, ತನಗೆ ಬೇಡದ್ದನ್ನು ಅವನಿಗೆ ಕೊಡುತ್ತಾನೆ. ಹಂಚುವ ಸರದಿ ತಿರುಗಿದ ಹಾಗೆ ಐದರ ಭಾರವೂ ತಿರುಗುತ್ತದೆ.

ಇಬ್ಬರೇ?

ಭಿಕಾರಿ-ಸಾವ್ಕಾರ ಆಡಿ, ಎಲೆಗಳನ್ನೆಲ್ಲ ಗೆದ್ದವನು ಸಾವ್ಕಾರ, ಕೈ ಖಾಲಿಯಾದವನು ಭಿಕಾರಿ. ಇಲ್ಲವೇ ಎಲೆಗಳನ್ನೆಲ್ಲ ಬೋರಲು ಹಾಕಿ ಎರಡೆರಡು ತೆರೆದು ಜೋಡಿ ಹುಡುಕಿ. ಎರಡನೆಯದರಲ್ಲಿ ಎಂಟು ವರ್ಷದ ಮಗು ನಿಮ್ಮನ್ನು ಸೋಲಿಸುತ್ತದೆ. ಬೇಕಂತಲೇ ಸೋಲುವ ಪ್ರಮೇಯವೇ ಬರುವುದಿಲ್ಲ.

ಬ್ಲಫ್ ಆಟ ಮಕ್ಕಳಿಗೆ ಸುಳ್ಳು ಹೇಳೋದು ಕಲಿಸೋದಿಲ್ವಾ?

ಮಕ್ಕಳಿಗೆ ಅದು ಮೊದಲೇ ಬರುತ್ತದೆ. ಈ ಆಟ ಕಲಿಸುವುದು ಸುಳ್ಳನ್ನು ಹಿಡಿಯುವುದನ್ನ.

ಎಲೆ ಪೂರ್ತಿ ಹಂಚಿ. ಒಬ್ಬರು ಒಂದೋ ಎರಡೋ ಮೂರೋ ಎಲೆ ಬೋರಲು ಹಾಕಿ "ಮೂರು ರಾಣಿ" ಅನ್ನುತ್ತಾರೆ. ಒಳಗೆ ಏನಿದೆಯೋ ದೇವರಿಗೇ ಗೊತ್ತು. ಮುಂದಿನವರು ತಾವೂ ರಾಣಿ ಅಂತಲೇ ಹೇಳಿ ಹಾಕಬಹುದು, ಪಾಸ್ ಅನ್ನಬಹುದು, ಇಲ್ಲವೇ "ತೋರ್ಸು" ಅನ್ನಬಹುದು. ತೆರೆದಾಗ ಸುಳ್ಳಾದರೆ ಹಾಕಿದವರು ಗುಡ್ಡೆಯನ್ನೆಲ್ಲ ಎತ್ತಿಕೊಳ್ಳಬೇಕು, ಖರೇ ಆದರೆ ಸವಾಲು ಹಾಕಿದವರು. ಎಲ್ಲರೂ ಪಾಸ್ ಅಂದರೆ ಗುಡ್ಡೆ ಬದಿಗೆ ಸರಿಸಿ ಹೊಸ ಹೆಸರು ಹಿಡಿಯುತ್ತಾರೆ. ಕೈ ಖಾಲಿಯಾದವರು ಗೆದ್ದರು.

ನಮ್ಮ ಅವ್ವ ಜನ್ಮದಲ್ಲಿ ಸುಳ್ಳಾಡಿದವಳಲ್ಲ. ಅದಕ್ಕೇ ಅವಳು "ನಾಕು ಎಕ್ಕ" ಅಂದರೆ ಯಾರೂ "ತೋರ್ಸು" ಅನ್ನಲಿಲ್ಲ. ಆಟ ಮುಗಿದ ಮೇಲೆ ನೋಡಿದರೆ ಒಂದು ಎಕ್ಕ, ಮೂರು ಚಿಲ್ಲರೆ.

ಎಳ್ಳಮಾಸಿಗೆ ಹೊಲಕ್ಕೆ ಹೋದಾಗ ಹನ್ನೆರಡು ಜನ ಇರ್ತೇವೆ. ಎಲ್ಲರೂ ಕೂಡಿ ಆಡಬಹುದಾ?

ಚರಗ ಚೆಲ್ಲಿ, ಸಜ್ಜಿರೊಟ್ಟಿ, ಭಜ್ಜಿ, ಅಂಬಲಿ ಹೊಟ್ಟೆಗೆ ಬಿದ್ದ ಮೇಲೆ ಗಿಡದ ನೆರಳಲ್ಲಿ ನಿದ್ದೆ ಬರದೆ ಇದ್ದರೆ ಆಡಬಹುದು. ಎರಡು ಕಟ್ಟು ಕೂಡಿಸಿ ಬ್ಲಫ್ ಆಡಿ. ಎಂಟು ರಾಣಿಯರು ಇದ್ದಾಗ ಅನುಮಾನಕ್ಕೆ ಕೊನೆಯೇ ಇಲ್ಲ. ಡಿಸೆಂಬರ್–ಜನವರಿಯ ಗಾಳಿಗೆ ಎಲೆ ಹಾರುತ್ತವೆ, ಕೌದಿಯ ಮೇಲೆ ಕೂತು ಗುಡ್ಡೆಯ ಮೇಲೊಂದು ಕಲ್ಲಿಡಿ.

ಆರೇಳು ಜನರಾದರೆ 'ಜಡ್ಜ್‌ಮೆಂಟ್' ಅದಕ್ಕಿಂತ ಮೇಲು. ಮೊದಲ ಆಟಕ್ಕೆ ತಲೆಗೆ ಏಳು ಎಲೆ, ಮುಂದಿನದಕ್ಕೆ ಆರು, ಹೀಗೆ ಒಂದರ ತನಕ ಇಳಿಯುತ್ತದೆ. ಪ್ರತಿ ಆಟಕ್ಕೂ ಹುಕುಂ ಬದಲು. ಎಲೆ ನೋಡಿ ತಾನು ಎಷ್ಟು ಕೈ ಮಾಡುತ್ತೇನೆ ಅಂತ ಒಬ್ಬೊಬ್ಬರೂ ಮೊದಲೇ ಹೇಳಬೇಕು. ಹೇಳಿದಷ್ಟೇ ಮಾಡಿದರೆ ಹತ್ತು ಅಂಕ, ಜೊತೆಗೆ ಹೇಳಿದ ಸಂಖ್ಯೆ. ಒಂದು ಹೆಚ್ಚಾದರೂ ಸೊನ್ನೆ, ಒಂದು ಕಡಿಮೆಯಾದರೂ ಸೊನ್ನೆ. ಕೊನೆಗೆ ಹೇಳುವವನಿಗೆ ಒಂದು ಕಟ್ಟಳೆ: ಎಲ್ಲರ ಮಾತಿನ ಮೊತ್ತ ತಲೆಗೆ ಹಂಚಿದ ಎಲೆಗಳ ಸಂಖ್ಯೆಗೆ ಸರಿಯಾಗಿ ಕೂಡುವ ಹಾಗೆ ಅವನು ಹೇಳುವಂತಿಲ್ಲ. ಹಾಗಾಗಿ ಪ್ರತಿ ಆಟದಲ್ಲೂ ಒಬ್ಬರ ಲೆಕ್ಕವಾದರೂ ತಪ್ಪಲೇಬೇಕು. ಮಾತು ದೊಡ್ಡದು, ಕೈ ಸಣ್ಣದು ಅನ್ನುವವರು ಯಾರು ಅಂತ ಮನೆಗೆಲ್ಲ ಗೊತ್ತಾಗುವ ಆಟ ಇದು.

ರಮ್ಮಿ ಯಾಕೆ ಹೇಳಲಿಲ್ಲ?

ಚಲೋ ಆಟವೇ. 13 ಎಲೆ, ಕನಿಷ್ಠ ಎರಡು ಸಾಲು ಆಗಬೇಕು, ಅದರಲ್ಲಿ ಒಂದು ಜೋಕರ್ ಇಲ್ಲದ ಶುದ್ಧ ಸಾಲು. ಆದರೆ ಅದರಲ್ಲಿ ಪ್ರತಿಯೊಬ್ಬರೂ ತಮ್ಮ ಕೈ ನೋಡಿಕೊಂಡು ಸುಮ್ಮನೆ ಕೂಡುತ್ತಾರೆ. ಮನೆಮಂದಿ ಕೂಡಿದಾಗ ಗದ್ದಲ ಬೇಕು, ಅದು ಇದರಲ್ಲಿ ಸಿಗುವುದಿಲ್ಲ. ಮೊಬೈಲಿನಲ್ಲಿ ರೊಕ್ಕ ಹಾಕಿ ಆಡುವ ರಮ್ಮಿಯ ಮಾತು ಬೇರೆ. 2025ರ ಆಗಸ್ಟ್‌ನಲ್ಲಿ ಸಂಸತ್ತು ಹಣವಿಟ್ಟು ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯ್ದೆ ಮಾಡಿದೆ. ನಿಮ್ಮ ತಮ್ಮನೋ ಮಗನೋ ಇನ್ನೂ ದಾರಿ ಹುಡುಕುತ್ತಿದ್ದರೆ ಪಡಸಾಲೆಗೆ ಕರೆದು ಹತ್ತು ಹಿಡಿಯಲು ಕೂಡಿಸಿ. ಬಂದರೆ ನಿಮ್ಮ ಪುಣ್ಯ.

ಎಷ್ಟು ಸಲ ಕಲಸಬೇಕು? ನಮ್ಮ ಮಾಮಾ ಎರಡು ಸಲ ಕಲಸಿ ಹಂಚಿಬಿಡ್ತಾನೆ.

ಸಾಲದು. ಕಟ್ಟನ್ನು ಎರಡು ಭಾಗ ಮಾಡಿ ಪರ್‌ರ್ ಅಂತ ಒಂದರೊಳಗೊಂದು ಸೇರಿಸುವ ಪದ್ಧತಿಯಲ್ಲಿ ಸುಮಾರು ಏಳು ಸಲ ಕಲಸಿದರೆ 52 ಎಲೆ ಚೆನ್ನಾಗಿ ಬೆರೆಯುತ್ತವೆ ಅಂತ ಡೇವ್ ಬೇಯರ್ ಮತ್ತು ಪರ್ಸಿ ಡಯಾಕೋನಿಸ್ ಎಂಬ ಗಣಿತಜ್ಞರು 1992ರಲ್ಲಿ ತೋರಿಸಿದರು. ಡಯಾಕೋನಿಸ್ ಗಣಿತಕ್ಕೆ ಬರುವ ಮುಂಚೆ ಜಾದೂಗಾರ. ಕೈಯಲ್ಲಿ ಹಿಡಿದು ಚೂರುಚೂರೇ ಬೀಳಿಸುವ ನಮ್ಮ ಪದ್ಧತಿಗೆ ಇನ್ನೂ ಬಹಳ ಸಲ ಬೇಕು. ಅದಕ್ಕಿಂತ ಎಲೆಗಳನ್ನೆಲ್ಲ ಫರಸಿಯ ಮೇಲೆ ಹರಡಿ, ಎರಡೂ ಕೈಯಿಂದ ತಿರುವಿ ಕೂಡಿಸುವುದು ಸುಲಭ. ಮಕ್ಕಳಿಗೂ ಅದೇ ಇಷ್ಟ.

52 ಎಲೆಗಳನ್ನು ಸಾಲಾಗಿ ಜೋಡಿಸುವ ಬಗೆಗಳನ್ನು ಎಣಿಸಿದರೆ ಬರುವುದು 68 ಅಂಕಿಗಳ ಸಂಖ್ಯೆ. ಚೆನ್ನಾಗಿ ಕಲಸಿದ ಕಟ್ಟು ನಿಮ್ಮ ಕೈಗೆ ಬಂದ ಆ ಕ್ರಮದಲ್ಲಿ ಹಿಂದೆ ಯಾರ ಕೈಗೂ ಬಂದಿರಲಾರದು. "ನನಗ ಯಾವಾಗ್ಲೂ ಇವೇ ಎಲಿ ಬರ್ತಾವ" ಅನ್ನುವ ಮಾಮಾನಿಗೆ ಇದನ್ನು ಹೇಳಿ ನೋಡಿ. ಒಪ್ಪುವುದಿಲ್ಲ.

ಸೋತರೆ ಮಗು ಅಳುತ್ತೆ. ಬಿಟ್ಟುಕೊಡಬೇಕಾ?

ನಾನು ಬಿಟ್ಟುಕೊಡುವುದಿಲ್ಲ. ಒಂದು ಸಲ ಬಿಟ್ಟುಕೊಟ್ಟದ್ದು ಗೊತ್ತಾದರೆ ಆಮೇಲೆ ಅವರು ನಿಜವಾಗಿ ಗೆದ್ದಾಗಲೂ ನಂಬುವುದಿಲ್ಲ. ಅದರ ಬದಲು ಸಣ್ಣವರನ್ನು ದೊಡ್ಡವರೊಬ್ಬರ ತೊಡೆಯ ಮೇಲೆ ಕೂಡಿಸಿ, ಇಬ್ಬರದೂ ಒಂದೇ ಕೈ ಮಾಡಿ. ಸೋತರೆ ಇಬ್ಬರೂ ಸೋತರು. ಆಟ ಚಿಕ್ಕದಿರಲಿ, ಐದು ನಿಮಿಷಕ್ಕೆ ಇನ್ನೊಂದು ಶುರುವಾಗಲಿ. "ಯಾಕ್ ಅಳ್ಲಾಕತ್ತೀ, ಮತ್ತೊಂದ್ ಆಡಮು ನಡಿ" ಅನ್ನುವಷ್ಟರಲ್ಲಿ ಎಲೆ ಹಂಚಿ ಆಗಿರಬೇಕು.

ಕಳ್ಳಾಟದ ಮಾತು ಬೇರೆ. ಮಕ್ಕಳು ಎಲೆ ಬಚ್ಚಿಟ್ಟರೆ ನಕ್ಕು ಬಿಡಿ. ಮಾವಂದಿರು ಬಚ್ಚಿಟ್ಟರೆ ಎಲ್ಲರ ಮುಂದೆ ಹೇಳಿ.

ಉನೋ ಆಡಿದರೆ ಆಗೋದಿಲ್ವಾ?

ಆಗುತ್ತದೆ. 1971ರಲ್ಲಿ ಅಮೆರಿಕದ ಒಹಾಯೊದಲ್ಲಿ ಕ್ಷೌರದಂಗಡಿಯವನೊಬ್ಬ ತನ್ನ ಮನೆಮಂದಿಗಾಗಿಯೇ ಮಾಡಿಕೊಂಡ ಆಟ ಅದು. ಬಣ್ಣ, ಅಂಕಿ ಗೊತ್ತಿದ್ದರೆ ಸಾಕು. ನನ್ನ ತಕರಾರು ಒಂದೇ, ಆ ಕಟ್ಟಿನಲ್ಲಿ ಆ ಒಂದೇ ಆಟ. ಇಸ್ಪೀಟಿನ ಕಟ್ಟಿನಲ್ಲಿ ಈ ಇಡೀ ಪುಟದ ಆಟಗಳಿವೆ.

ಹಿಂದೆ ದುಂಡನೆಯ ಎಲೆ ಇದ್ದವಂತೆ?

ಗಂಜೀಫಾ. ಪರ್ಷಿಯಾದ ಕಡೆಯಿಂದ ಬಂದದ್ದು. ಬಾಬರ್ 1527ರಲ್ಲಿ ಸಿಂಧಿಗೆ ಗಂಜೀಫಾ ಎಲೆ ಕಳಿಸಿದ್ದನ್ನು ತನ್ನ ದಿನಚರಿಯಲ್ಲಿ ಬರೆದಿಟ್ಟಿದ್ದಾನೆ. ಮೊಗಲರ ಕಟ್ಟಿನಲ್ಲಿ 96 ಎಲೆ, ದಶಾವತಾರದ ಕಟ್ಟಿನಲ್ಲಿ 120. ನಮ್ಮ ರಾಜ್ಯದಲ್ಲಿ ಅದಕ್ಕೆ ಹೆಸರಾದದ್ದು ಮೈಸೂರು, ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಿಂದ. ಚಿತ್ರ ಬರೆದ ಆ ಎಲೆಗಳನ್ನು ಈಗ ಕೊಳ್ಳುವವರು ಗೋಡೆಗೆ ತೂಗುಹಾಕಲು ಕೊಳ್ಳುತ್ತಾರೆ. ಮಿರ್ಚಿ ಭಜಿ ತಿಂದ ಕೈಯಿಂದ ಮುಟ್ಟುವ ಹಾಗಿಲ್ಲ.

ರೈಲಿನಲ್ಲಿ ಆಡಬಹುದಾ?

ಆಡಬಹುದು. ಬೆಂಗಳೂರಿನ ರಾತ್ರಿ ಗಾಡಿಯಲ್ಲಿ ಸೂಟ್‌ಕೇಸನ್ನು ನಡುವೆ ಮಲಗಿಸಿ ಮೇಲೆ ಟವೆಲ್ ಹಾಸಿದರೆ ಎಲೆ ಜಾರುವುದಿಲ್ಲ. ಕಲಬುರಗಿಯಲ್ಲಿ ಹಂಚಿದರೆ ವಾಡಿ ದಾಟುವಷ್ಟರಲ್ಲಿ ಒಂದು ಆಟ, ಯಾದಗಿರಿಗೆ ಎರಡು. ರಾತ್ರಿ ಹತ್ತರ ಮೇಲೆ ಲೈಟು ಆರಿಸಿ, ಪಕ್ಕದವರು ಮಲಗಲಿ. ಅಪರಿಚಿತರು ಬಂದು "ನಾವೂ ಕೂಡ್ತೀವಿ, ರೊಕ್ಕ ಇಟ್ಟು ಆಡಮು" ಅಂದರೆ ಎಲೆ ಕಟ್ಟಿ ಚೀಲದಲ್ಲಿ ಹಾಕಿಕೊಳ್ಳಿ.

ಕಟ್ಟಿನಲ್ಲಿ ಒಂದು ಎಲೆ ಕಳೆದುಹೋಗಿದೆ. ಹೊಸದು ಕೊಳ್ಳಬೇಕಾ?

ಬೇಡ. ಜೋಕರ್ ಇದೆಯಲ್ಲ, ಅದರ ಮೇಲೆ ಪೆನ್ನಿನಿಂದ ಹೆಸರು ಬರೆದುಬಿಡಿ. ಏಳಕ್ಕಿಂತ ಸಣ್ಣ ಎಲೆಗಳು ಎಷ್ಟು ಕಳೆದರೂ ಮೂರು-ಎರಡು-ಐದಕ್ಕೆ ತೊಂದರೆಯೇ ಇಲ್ಲ, ಅದಕ್ಕೆ ಅವು ಬೇಕಾಗುವುದಿಲ್ಲ. ತೀರಾ ಹಾಳಾದ ಕಟ್ಟನ್ನು ಮಕ್ಕಳಿಗೆ ಮನೆ ಕಟ್ಟಲು ಕೊಡಿ.

ನಮ್ಮಲ್ಲಿ ಕಳೆದದ್ದು ಆಟೀನ್ ಏಳು. ಏಳರ ಆಟ ಶುರುವಾಗುವುದೇ ಅದರಿಂದ. ಆಯಿ ಜೋಕರ್ ಮೇಲೆ ಕಾಡಿಗೆಯಿಂದ ಒಂದು ಗುರುತು ಮಾಡಿದಳು, ಅದು ಹೃದಯಕ್ಕಿಂತ ಹೆಚ್ಚು ಬದನೆಕಾಯಿಯ ಹಾಗೆ ಕಾಣುತ್ತಿತ್ತು. ಎರಡು ವರ್ಷದ ಮೇಲೆ ಕೂಲರಿನ ಹುಲ್ಲು ಬದಲಿಸುವಾಗ ಖರೇ ಏಳು ಸಿಕ್ಕಿತು, ಉಬ್ಬಿ, ಬಣ್ಣ ಹೋಗಿ. ಈಗಲೂ ಹಂಚಿದ ಕೂಡಲೇ ಮಕ್ಕಳು ಕೇಳುವುದು, "ಬದನಿಕಾಯಿ ಯಾರ ಹತ್ರ ಅದ?"